ಎರಡನೆಯವರ ಸರದಿ

೧೪ ಜೂನ್, ಭಾನುವಾರ

ನನ್ನ ಚಿನಕುರುಳಿಗೆ,

ನಾನೂ ನಿನ್ನ ಅಮ್ಮನೂ ಉಂಡು ತಿಂದು ಚೆನ್ನಾಗಿದ್ದೇವೆ. ನೀನು ಬಂದುಹೋಗಿ ತಿಂಗಳಾದ ಮೇಲೆ ಬರೆಯುತ್ತಿದ್ದೇನೆ. ಪುರುಸೊತ್ತಿರಲಿಲ್ಲ ಎಂದರೆ ನೀನು ನಂಬುವವಳಲ್ಲ. ಏನು ಬರೆಯಬೇಕೆಂದು ತೋಚಲಿಲ್ಲ, ಅಷ್ಟೇ.

ಮೊದಲು ಸುದ್ದಿ. ನಾವು ನಡೆಸುತ್ತಿದ್ದ ವಿಡಿಯೋ ಆಟದಂಗಡಿಯಲ್ಲಿ ಇಟ್ಟಿಗೆ ಒಡೆಯುವ ಆಟದ ಎರಡನೇ ಭಾಗ ಇತ್ತಲ್ಲ, ಅದೇ ಆಟವನ್ನು ಟಿವಿಗೆ ಜೋಡಿಸಿ ಆಡುವಂಥದ್ದನ್ನು ಹೋದ ವರ್ಷ ನೀನು ಅಮ್ಮನಿಗೆ ತಂದುಕೊಟ್ಟೆ. ಅದನ್ನು ಸ್ವಲ್ಪ ತಿದ್ದಿದ್ದೇನೆ. ಅಂಗಡಿಯ ಯಂತ್ರಕ್ಕೆ ತಿರುಗಿಸುವ ನಾಬ್ ಇತ್ತು. ಬೆರಳು ತಿರುಗಿದಷ್ಟೇ ಹಲಗೆ ಸರಿದು ಚೆಂಡನ್ನು ತಡೆಯುತ್ತಿತ್ತು. ಮನೆಯದಕ್ಕೆ ಬರೀ ಬಟನ್ನು. "ಇದೇನ್ರೀ, ಹಲಗೆ ತುಂಬು ಬಸುರಿ ಹಾಗೆ ಹೋಗುತ್ತೆ" ಎಂದು ಅಮ್ಮ ರೇಗುತ್ತಿದ್ದಳು. ಹಳೆಯ ಯಂತ್ರದಿಂದ ಕಳಚಿಟ್ಟಿದ್ದ ನಾಬನ್ನು ಇದಕ್ಕೆ ಬೆಸೆದೆ. ಈಗ ಸರಾಗ. ಒಡೆದ ಬೆಳ್ಳಿ ಬಣ್ಣದ ಇಟ್ಟಿಗೆ ಮತ್ತೆ ಮೂಡಿದರೆ, "ಯಾವನೋ ಇವನು ಮೇಸ್ತ್ರಿ, ಹಿಂದಿಂದೇನೇ ಕಟ್ಕೊಂಡು ಬರ್ತಾನೆ!" ಎಂದು ನಗುತ್ತಾಳೆ. ಎಷ್ಟು ಮರೆತರೂ ನಗು ಮೊದಲಿನದೇ.

ಇನ್ನು ನೀನು ಬಂದಿದ್ದ ದಿನದ ವಿಷಯ. ಅಮ್ಮನ ಚೆಂಡು ಬಿದ್ದು ಎರಡನೆಯವರ ಸರದಿ ಬಂದಾಗ ಆಡಲು ನೀನು ಕೈ ಚಾಚಿದೆ. ಅವಳು ತಳ್ಳಿದಳು. "ಮುಟ್ಬೇಡಿ. ಅದು ನನ್ನ ಮಗಳದು. ಈಗ ಬರ್ತಾಳೆ." ನೀನು ಬಸ್ಸಿಗೆ ಹೊತ್ತಾಯಿತೆಂದು ಎದ್ದುಬಿಟ್ಟೆ. ಬಸ್ಸು ಸಂಜೆಗಿತ್ತೆಂದು ನನಗೆ ಗೊತ್ತು.

ಅಂಗಡಿಯ ಕಟ್ಟಳೆ ನಿನಗೆ ನೆನಪಿರಬೇಕು. ಇಬ್ಬರ ಆಟದಲ್ಲಿ ಒಬ್ಬರು ಎದ್ದುಹೋದರೆ ಅವರ ಸರದಿಯನ್ನು ಇನ್ನಾರೂ ಆಡಕೂಡದು. "ಅವರವರ ಚೆಂಡು ಅವರದು, ಬಿದ್ರೂ ಅವರದೇ" ಎಂದು ಅಮ್ಮ ಗಲ್ಲಾದಿಂದಲೇ ಗದರುತ್ತಿದ್ದಳು. ಈಗಲೂ ಇಬ್ಬರ ಆಟವನ್ನೇ ಆರಿಸುತ್ತಾಳೆ. ತನ್ನದು ಬಿದ್ದೊಡನೆ ಕೈಗಳನ್ನು ಮಡಿಲಲ್ಲಿಟ್ಟು ಕೂರುತ್ತಾಳೆ. ನಿನ್ನ ಚೆಂಡು ತಾನಾಗಿ ಹೊರಟು, ಒಂದೆರಡು ಇಟ್ಟಿಗೆ ಒಡೆದು ಬೀಳುತ್ತದೆ. "ನೋಡ್ರೀ, ನಿಮ್ಮ ಮಗಳಿಗೆ ಆಟದ ಮೇಲೆ ಗಮನವೇ ಇಲ್ಲ" ಎನ್ನುತ್ತಾಳೆ. ನಿನ್ನ ಮುಖ ಅವಳಿಗೆ ಸಿಗುತ್ತಿಲ್ಲ, ನಿಜ. ಆದರೆ ನಿನ್ನ ಜಾಗವನ್ನು ಯಾರಿಗೂ ಬಿಟ್ಟುಕೊಟ್ಟಿಲ್ಲ. ನಿನಗೂ ಕೊಡಲಿಲ್ಲ, ಪಾಪ.

ಇನ್ನು ಬರುವುದಿಲ್ಲ ಎನ್ನಬೇಡ. ಬಾ, ಸುಮ್ಮನೆ ಪಕ್ಕದಲ್ಲಿ ಕೂರು. ಅವಳು ನಿನಗಾಗಿ ಕಾಯುವುದನ್ನು ನೀನು ಕಣ್ಣಾರೆ ನೋಡಬೇಕು.

ಹೊತ್ತಿಗೆ ಸರಿಯಾಗಿ ಊಟ ಮಾಡು. ನೂರ್ಕಾಲ ತಣ್ಣಗಿರು, ಮಗಳೇ.

ನಿನ್ನ
ಅಪ್ಪ

ಮತ್ತೊಂದು ಮಾತು, ಬುಧವಾರ: ಕಾಗದವನ್ನು ಇನ್ನೂ ಅಂಚೆಗೆ ಹಾಕಿಲ್ಲ. ನಿನ್ನೆಯಿಂದ ಅಮ್ಮ ಒಬ್ಬರ ಆಟವನ್ನು ಆರಿಸುತ್ತಿದ್ದಾಳೆ. ಕೈತಪ್ಪಿರಬೇಕೆಂದು ನಾನೇ ಬದಲಿಸಿದೆ. ಅವಳು ತಿರುಗಿ ಒಬ್ಬರದಕ್ಕೇ ತಂದಳು. "ಇಬ್ಬರು ಆಡೋದು ಕಣೇ" ಎಂದೆ. ಸುತ್ತ ನೋಡಿ, "ಇನ್ನೊಬ್ರು ಯಾರು?" ಎಂದು ಕೇಳಿದಳು. ಮೇಲೆ ಬರೆದದ್ದನ್ನು ಹೊಡೆದುಹಾಕಲು ನನಗೆ ಮನಸ್ಸು ಬರಲಿಲ್ಲ.

ನಾನು ನಿನ್ನ ಹೆಸರು ಹೇಳಿದೆ. "ಚೆನ್ನಾಗಿದೆ ಹೆಸರು" ಎಂದಳು.