ಒಂಬತ್ತು ಗಂಟೆಯ ಅಣಬೆ ಸಾರು

ಹೆಬ್ಬಗೋಡಿ
18 ಜೂನ್ 2025, ಬುಧವಾರ ಮಧ್ಯಾಹ್ನ

ಅಮ್ಮಾ,

‘ಇಲ್ಲಿ ನಾವೆಲ್ಲ ಕ್ಷೇಮ’ ಎಂದು ಶುರು ಮಾಡುವುದು ನನ್ನ ವಾಡಿಕೆ. ಈ ಸಲ ಆ ಸಾಲು ಬರೆಯಲು ಕೈ ಬರುತ್ತಿಲ್ಲ. ನಿನ್ನೆ ಫೋನ್ ಮಾಡಿ ಸುಮ್ಮನೆ ಇಟ್ಟುಬಿಟ್ಟೆ. ನಿನ್ನ ಕಿವಿಗೆ ಕೇಳಿಸಬೇಕೆಂದರೆ ನಾನು ಕೂಗಬೇಕು. ಇದು ಕೂಗಿ ಹೇಳುವ ಮಾತಲ್ಲ. ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತು ಬರೆಯುತ್ತಿದ್ದೇನೆ. ಸಂಜೆ ತಮ್ಮ ನಂದೀಶ್ ಬರುತ್ತಾನಲ್ಲ, ಮಾಕಳಿಗೆ ವಾಪಸ್ ಹೊರಡುವಾಗ ಅವನ ಕೈಗೆ ಕವರು ಅಂಟಿಸಿ ಕೊಡುತ್ತೇನೆ. ನೀನೊಬ್ಬಳೇ ಓದಿ ಹರಿದುಹಾಕು.

ಮೊದಲೇ ಹೇಳಿಬಿಡುತ್ತೇನೆ, ನಿನ್ನ ಅಳಿಯ ಮನುಗೂ ನನಗೂ ಏನೂ ಆಗಿಲ್ಲ. ಆಗಿರುವುದು ದಾನೇಶ್ವರಿಗೆ. ನಮ್ಮ ಮಹಡಿಯ ಬಾಡಿಗೆ ರೂಮಿನ ಹುಡುಗಿ, ಕೊಪ್ಪಳದ ಕಡೆಯವಳು. ಯುಗಾದಿಗೆ ನೀನು ಬಂದಾಗ ಶೇಂಗಾ ಹೋಳಿಗೆ ತಂದುಕೊಟ್ಟಿದ್ದಳಲ್ಲ, ಅವಳೇ. ಗಂಡ ರೇವಣಸಿದ್ದ ಕಟ್ಟಡದ ಕೆಲಸಕ್ಕೆ ಹೋಗುತ್ತಾನೆ. ಇವಳಿಗೆ ಬೊಮ್ಮಸಂದ್ರದ ಔಷಧಿ ಫ್ಯಾಕ್ಟರಿಯಲ್ಲಿ ಪ್ಯಾಕಿಂಗ್ ಕೆಲಸ, ಎರಡನೇ ಶಿಫ್ಟು. ಮೂರು ವರ್ಷದ ಮಗಳಿದ್ದಾಳೆ. ಮಹಾಂತಮ್ಮ ಎಂದು ಅಜ್ಜಿಯ ಹೆಸರಿಟ್ಟಿದ್ದಾರೆ. ತಾಯಿ ಶಿಫ್ಟಿಗೆ ಹೋದರೆ ಮಗು ನನ್ನ ಹತ್ತಿರವೇ. ಈಗಲೂ ನನ್ನ ಪಕ್ಕದಲ್ಲಿ ಕುಳಿತು ಬಾಳೆಹಣ್ಣು ತಿನ್ನುತ್ತಿದೆ.

ಭಾನುವಾರ ಗುಡುಗು ಮಳೆ ಆಯಿತು. ಸೋಮವಾರ ಬೆಳಿಗ್ಗೆ ಹಿತ್ತಲಿನ ನೀರಿನ ಸಂಪಿನ ಪಕ್ಕ ಅಣಬೆ ಎದ್ದಿದ್ದವು, ಬೆಳ್ಳಗೆ, ಹತ್ತು ಹದಿನೈದು. ಅತ್ತೆಯ ಸಂಭ್ರಮ ಕೇಳಬೇಡ. ಅಲ್ಲಿ ಹಿಂದೆ ಹುತ್ತವಿತ್ತಂತೆ. ಹೊಲಗದ್ದೆ ಇದ್ದ ಕಾಲದಿಂದಲೂ ಮುಂಗಾರಿಗೆ ಅಲ್ಲಿಂದಲೇ ಅಣಬೆ ಕಿತ್ತು ತರುತ್ತಿದ್ದರಂತೆ. ಬಾಡಿಗೆ ರೂಮು ಕಟ್ಟಿಸುವಾಗ ಆ ಹುತ್ತವನ್ನು ಸಮ ಮಾಡಿ, ಎಲ್ಲಿಂದಲೋ ಲಾರಿ ಮಣ್ಣು ತಂದು ತುಂಬಿಸಿದ್ದಾರೆ. ನಾನು ಅದನ್ನೇ ಹೇಳಿದೆ, ಮಣ್ಣು ಬೇರೆಯದಲ್ಲವಾ ಅತ್ತೆ ಎಂದೆ. “ಮಣ್ ಬ್ಯಾರೆ ಆದ್ರೇನೇ, ಜಾಗ ಅದೇ ಅಲ್ವಾ? ನಲವತ್ ವರ್ಸದಿಂದ ತಿಂದಿವ್ನಿ, ಸತ್ತೋಗಿವ್ನಾ?” ಎಂದರು. ಎದುರಿಗೆ ನಿಂತು ಗದರುತ್ತಿರುವವರು ಸತ್ತಿಲ್ಲ ಎಂಬುದು ನನಗೂ ಕಾಣುತ್ತಿತ್ತು, ಬೆಳ್ಳುಳ್ಳಿ ಸುಲಿಯಲು ಕುಳಿತೆ.

ಅತ್ತೆ ಬೆಳ್ಳುಳ್ಳಿ ಜಜ್ಜಿ, ಮಸಾಲೆ ಅರೆದು ಸಾರಿಗಿಟ್ಟರು. ಕುದಿಯುವಾಗ ತಮ್ಮ ಹಳೆಯ ಬೆಳ್ಳಿ ಕಾಲುಂಗುರವನ್ನು ದಾರಕ್ಕೆ ಕಟ್ಟಿ ಪಾತ್ರೆಗೆ ಇಳಿಬಿಟ್ಟರು. ವಿಷವಿದ್ದರೆ ಬೆಳ್ಳಿ ಕಪ್ಪಾಗಬೇಕಂತೆ. ಮೇಲೆತ್ತಿ ನನ್ನ ಮೂಗಿನ ಹತ್ತಿರ ಹಿಡಿದು, “ನೋಡು, ಎಂಗ್ ಪಳಪಳಾ ಅಂತೈತೆ” ಎಂದರು. ಅಂಗಡಿಯಲ್ಲಿ ತಂದ ಹೊಸ ಉಂಗುರದ ಹಾಗೆಯೇ ಇತ್ತು.

ಆದರೆ ಸೋಮವಾರ ಅತ್ತೆಗೆ ವಾರ. ಅಣಬೆ ಎಂದರೆ ನಮ್ಮ ಮನೆಯಲ್ಲಿ ಬಾಡೂಟಕ್ಕೆ ಸಮ, ಅವರು ಬಾಯಿಗಿಡುವಂತಿಲ್ಲ. ನಾಳೆಗೆ ಇಟ್ಟರೆ ಕೆಡುತ್ತದೆ. ಹಾಗಾಗಿ ಮಾಡಿದವರು ಅವರು, ತಿನ್ನಬೇಕಾದವರು ನಾವು. ಅಮ್ಮಾ, ನನಗೆ ಧೈರ್ಯ ಬರಲಿಲ್ಲ. ಬೇಡ ಎಂದರೆ ಅತ್ತೆ ಮೂರು ದಿನ ಮುಖ ಊದಿಸಿಕೊಳ್ಳುತ್ತಾರೆ, ಕಸಕ್ಕೆ ಹಾಕಿದರೆ ಅವರ ಕಣ್ಣಿಗೇ ಬೀಳುತ್ತದೆ. ಅಣಬೆ ಎದ್ದಾಗ ನಾಲ್ಕು ಜನಕ್ಕೆ ಹಂಚಬೇಕು, ಇಲ್ಲದಿದ್ದರೆ ಮರುವರ್ಷ ಏಳುವುದಿಲ್ಲ ಎಂದು ಅವರೇ ಹೇಳುತ್ತಿರುತ್ತಾರೆ. ಆ ಮಾತನ್ನೇ ಹಿಡಿದುಕೊಂಡು ನನ್ನ ಪಾಲನ್ನು ಡಬ್ಬಿಗೆ ಹಾಕಿ ಮಹಡಿಗೆ ಒಯ್ದೆ. ಬೇಡವಾದದ್ದನ್ನು ಇನ್ನೊಬ್ಬರಿಗೆ ದಾಟಿಸಿದೆ, ನನ್ನ ತಪ್ಪು ಇಷ್ಟೇ.

ಆಗ ಬೆಳಗಿನ ಒಂಬತ್ತು ಗಂಟೆ. ಅವಳ ಗಂಡ ಕೆಲಸಕ್ಕೆ ಹೋಗಿಯಾಗಿತ್ತು. ದಾನೇಶ್ವರಿ ನನ್ನೆದುರಿಗೇ ರೊಟ್ಟಿ ಮುರಿದು ಎಲ್ಲ ತಿಂದಳು. “ಭಾಳ ಛಲೋ ಆಗೇದ್ರಿ ಅಕ್ಕಾರ” ಎಂದಳು. ಖಾರವೆಂದು ಮಗುವಿಗೆ ಕೊಡಲಿಲ್ಲ. ಅದೊಂದು ನೆನೆದರೆ ಈಗಲೂ ಕೈ ಮುಗಿಯುತ್ತೇನೆ.

ಸಂಜೆ ಆರಕ್ಕೆ ಫ್ಯಾಕ್ಟರಿಯಲ್ಲೇ ವಾಂತಿ, ಭೇದಿ ಶುರುವಾಯಿತಂತೆ. ಜೊತೆಯವರು ಆಟೋದಲ್ಲಿ ಇಲ್ಲಿಗೆ ತಂದು ಸೇರಿಸಿ ಫೋನ್ ಮಾಡಿದರು. ನಾನು ಮಿಕ್ಕ ಸಾರನ್ನು ಚರಂಡಿಗೆ ಸುರಿದು, ಮಗುವನ್ನು ಎತ್ತಿಕೊಂಡು ಓಡಿಬಂದೆ. ಅವಳು ‘ಅಣಬಿ’ ಎಂದಿಷ್ಟೇ ಹೇಳಿ ಕಣ್ಣು ಮುಚ್ಚಿದ್ದಳು. ರೇವಣಸಿದ್ದ ಸಿಮೆಂಟಿನ ಕೈಯಲ್ಲೇ ನಿಂತಿದ್ದ. “ಅಕ್ಕಾರ, ನೀವೂ ಉಂಡೀರಿಲ್ರೀ?” ಎಂದು ಕೇಳಿದ. ಬೈಯಲು ಕೇಳಿದ್ದಲ್ಲ, ನನಗೂ ಏನಾದರೂ ಆಗುತ್ತದೇನೋ ಎಂಬ ಗಾಬರಿಗೆ ಕೇಳಿದ್ದು. ಡಾಕ್ಟರು ಪೆನ್ನು ಹಿಡಿದು ನನ್ನ ಮುಖವನ್ನೇ ನೋಡುತ್ತಿದ್ದರು. ಇಲ್ಲ ಎಂದರೆ, ನೀನು ತಿನ್ನದ್ದನ್ನು ಅವಳಿಗೇಕೆ ಕೊಟ್ಟೆ ಎಂಬ ಪ್ರಶ್ನೆ ಬರುತ್ತದಲ್ಲ. ಹೂಂ, ಮಧ್ಯಾಹ್ನ ಒಂದೂವರೆಗೆ ಇಬ್ಬರೂ ಒಟ್ಟಿಗೇ ಉಂಡೆವು, ನನಗೇನೂ ಆಗಿಲ್ಲ ಎಂದುಬಿಟ್ಟೆ. ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಅನ್ನುತ್ತಾರಲ್ಲ, ಆ ಹೊತ್ತಿಗೆ ಅಷ್ಟೇ ತೋಚಿದ್ದು. ಡಾಕ್ಟರು ಹಾಗೆಯೇ ಬರೆದುಕೊಂಡರು, ಆಮೇಲೆ ಅವಳನ್ನು ಯಾರೂ ಕೇಳಲಿಲ್ಲ.

ನಿನ್ನೆಯೆಲ್ಲ ಡ್ರಿಪ್ಸ್ ಹಾಕಿದ್ದರು. ಇವತ್ತು ಬೆಳಿಗ್ಗೆ ಎದ್ದು ಕುಳಿತಳು. ಎರಡು ಇಡ್ಲಿ ತಿಂದಳು, ಮಗಳ ಜಡೆ ಹಾಕಿದಳು. ಸಂಜೆ ಮನೆಗೆ ಹೋಗಬಹುದು ಎಂದರು ಡಾಕ್ಟರು. ರೇವಣಸಿದ್ದ ಬಾಳೆಹಣ್ಣಿನ ಚಿಪ್ಪು ತಂದು, ನೀವಿದ್ದುದಕ್ಕೆ ಉಳಿದಳು ಎಂದು ನನ್ನ ಕೈಗೆ ಕೊಟ್ಟ. ನಾನೂ ನಕ್ಕು ತೆಗೆದುಕೊಂಡೆ ಅಮ್ಮ.

ಆಮೇಲೆ ನರ್ಸ್ ಶೈಲಜಾ ಡ್ರಿಪ್ಸ್ ಬಿಚ್ಚಿ ಹೊರಗೆ ಬಂದವರು ಮಾತಿಗೆ ಮಾತು ಬಂದು ಹೇಳಿದರು. “ನಿಮ್ ಅದೃಷ್ಟ ಚೆನ್ನಾಗಿತ್ತು ಮೇಡಂ. ತಿಂದು ನಾಲ್ಕೈದ್ ಗಂಟೆಲೇ ವಾಂತಿ ಆಯ್ತು, ಜೊತೆಗ್ ತಿಂದ ನಿಮ್ಗೂ ಏನೂ ಆಗಿಲ್ಲ. ಆರ್ ಗಂಟೆ ದಾಟ್ಮೇಲೆ ಶುರುವಾಗೋ ಅಣಬೆ ಇರ್ತವೆ ನೋಡಿ, ಅವು ಡೇಂಜರ್. ಒಂದೆರಡ್ ದಿನ ವಾಂತಿ, ಆಮೇಲೆ ಆರಾಮಾಗ್ಬಿಟ್ಟಂಗ್ ಕಾಣ್ತಾರೆ, ಮನೆಗೂ ಹೋಗ್ಬಿಡ್ತಾರೆ. ಒಳ್ಗಡೆ ಲಿವರ್ ಹಾಳಾಗ್ತಾ ಇರುತ್ತೆ” ಎಂದರು. ಅವರು ಚುಚ್ಚಬೇಕೆಂದು ಹೇಳಿದ್ದಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವಳು ನಾನೊಬ್ಬಳೇ.

ಒಂಬತ್ತರಿಂದ ಆರಕ್ಕೆ ಎಷ್ಟು ಗಂಟೆ ಎಂದು ಸೆರಗಿನೊಳಗೆ ಬೆರಳು ಮಡಿಚಿ ಎಣಿಸಿದೆ. ಒಂಬತ್ತು. ಮತ್ತೆ ಎಣಿಸಿದೆ. ಎಷ್ಟು ಸಲ ಎಣಿಸಿದರೂ ಒಂಬತ್ತೇ.

ಬಾಗಿಲ ಸಂದಿಯಿಂದ ಅವಳು ಕಾಣುತ್ತಾಳೆ. ನಗುತ್ತಿದ್ದಾಳೆ, ಬಟ್ಟೆ ಮಡಚಿ ಚೀಲಕ್ಕೆ ತುಂಬುತ್ತಿದ್ದಾಳೆ. ಅವಳು ನಕ್ಕಾಗಲೆಲ್ಲ ನಾನು ಮತ್ತೆ ಬೆರಳು ಎಣಿಸುತ್ತೇನೆ. ನಿಜ ಹೇಳಿದರೆ ಪೊಲೀಸರು ಬರುತ್ತಾರೋ, ರೇವಣಸಿದ್ದ ಏನು ಮಾಡುತ್ತಾನೋ, ಊರಿನಲ್ಲಿ ನಮ್ಮ ಮನೆಯನ್ನು ಏನೆಂದು ಕರೆಯುತ್ತಾರೋ, ಗೊತ್ತಿಲ್ಲ. ಅತ್ತೆ ಸೋಮವಾರದಿಂದ ಊಟ ಬಿಟ್ಟಿದ್ದಾರೆ. “ನನ್ ಕೈಯಾರೆ ಮಾಡ್ದೆ ಕಣೇ” ಎಂದು ಒಂದೇ ಸಮನೆ ಅಳುತ್ತಾರೆ. ಮಾಡಿದವರು ಅವರು, ನಿಜ. ಆದರೆ ಅವರು ಯಾರಿಗೂ ಸುಳ್ಳು ಹೇಳಿಲ್ಲ.

ನಾಲ್ಕಕ್ಕೆ ಡಾಕ್ಟರು ಡಿಸ್ಚಾರ್ಜ್ ಚೀಟಿಗೆ ಸಹಿ ಹಾಕುತ್ತಾರೆ. ಈಗ ಮೂರೂವರೆ. ನಿನಗೆ ಬರೆದರೆ ಧೈರ್ಯ ಬರಬಹುದು ಎಂದುಕೊಂಡೆ. ಬಂದಿಲ್ಲ ಅಮ್ಮ. ಆದರೂ ಹೋಗುತ್ತೇನೆ. ಮಗುವನ್ನು ಅದರಪ್ಪನ ಕೈಗೆ ಕೊಟ್ಟು, ನೇರವಾಗಿ ಡಾಕ್ಟರ ರೂಮಿಗೆ ಹೋಗುತ್ತೇನೆ.

ಹೆದರಿ ಕುಳಿತಿರುವ ನಿನ್ನ ಮಗಳು,
ಬಿಂದುಶ್ರೀ

ಮತ್ತೆ: ಐದೂಮುಕ್ಕಾಲು. ಹೇಳಿದೆ. ಡಾಕ್ಟರು ಬೈಯಲಿಲ್ಲ, ಕುರ್ಚಿ ತಳ್ಳಿ ಎದ್ದು ಓಡಿದರು. ರಕ್ತ ತೆಗೆದು ನೋಡಿದರೆ ಲಿವರಿನ ಅಂಕಿ ಆಗಲೇ ಏರಿದೆಯಂತೆ. ಸಿಟಿಯ ದೊಡ್ಡ ಆಸ್ಪತ್ರೆಗೆ ಆಂಬುಲೆನ್ಸಿನಲ್ಲಿ ಕಳಿಸುತ್ತಿದ್ದಾರೆ. ಉಳಿಯುತ್ತಾಳಾ ಎಂದು ಕೇಳಿದೆ, ಇವತ್ತೇ ಹೇಳಿದ್ದು ಒಳ್ಳೆಯದಾಯಿತು ಎಂದರೇ ಹೊರತು ಬೇರೇನೂ ಹೇಳಲಿಲ್ಲ. ಅಂಥದ್ದೇ ಒಂದು ಅಣಬೆ ಬೇಕಂತೆ, ಯಾವುದೆಂದು ನೋಡಲು. ಇವತ್ತು ಬೆಳಿಗ್ಗೆ ಅದೇ ಜಾಗದಲ್ಲಿ ಮತ್ತೆ ಎದ್ದಿವೆ. ಮನು ಬುಡಸಮೇತ ಕಿತ್ತು ಕಾಗದದಲ್ಲಿ ಸುತ್ತಿ ತರುತ್ತಿದ್ದಾರೆ. ಸ್ಟ್ರೆಚರಿನ ಮೇಲಿಂದ ದಾನೇಶ್ವರಿ ನನ್ನ ಮುಂಗೈ ಹಿಡಿದು, “ಹೆದರಿ ಸುಳ್ಳು ಹೇಳಿರಿ, ಹೋಗ್ಲಿ ಬಿಡ್ರಿ ಅಕ್ಕಾರ. ಹುಡುಗೀನ್ನ ನೋಡ್ಕೋರಿ” ಎಂದಳು.

ಅವಳಿಗೆ ಹೇಳಲಾಗಲಿಲ್ಲ, ನಿನಗೆ ಹೇಳುತ್ತೇನೆ. ಬೇಡವಾದದ್ದನ್ನು ದಾಟಿಸಿದೆ ಎಂದು ಮೇಲೆ ಬರೆದದ್ದು ಸುಳ್ಳು. ಆ ಸಾರು ಮನುಗೆ ಬಲು ಇಷ್ಟ, ಸಂಜೆ ಬಂದವರೇ ಕೇಳುತ್ತಾರೆ ಎಂದು ಗೊತ್ತಿತ್ತು. ಅದಕ್ಕೇ ಮೊದಲು ಮಹಡಿಗೆ ಕೊಟ್ಟೆ. ಅವಳಿಗೇನಾದರೂ ಆಗುತ್ತದೋ ನೋಡೋಣ ಎಂದು. ಹನ್ನೊಂದಕ್ಕೆ ಒಣಬಟ್ಟೆಯ ನೆಪದಲ್ಲಿ ಹೋಗಿ ನೋಡಿದೆ. ಒಂದಕ್ಕೆ ಮಜ್ಜಿಗೆ ಕೊಡುವ ನೆಪದಲ್ಲಿ ಹೋದೆ. ಎರಡಕ್ಕೆ ಅವಳು ಶಿಫ್ಟಿಗೆ ಹೊರಟಾಗ ಗೇಟಿನಲ್ಲಿ ನಿಂತು, ತಿರುವು ದಾಟುವವರೆಗೂ ನೋಡಿದೆ. ಚೆನ್ನಾಗಿಯೇ ನಡೆದು ಹೋದಳು. ಒಳಗೆ ಬಂದು, ಕೆಡದಿರಲಿ ಎಂದು ಮನುವಿನ ಪಾಲನ್ನು ಬಿಸಿ ಮಾಡಿ ಮುಚ್ಚಿಟ್ಟೆ.