ಸತ್ತ ಇಂಜೆಕ್ಟರು

ಆಸ್ಪತ್ರೆಯ ವರಾಂಡದಿಂದ,
೧೪ನೇ ತಾರೀಖು, ಮಂಗಳವಾರ

ಪ್ರೀತಿಯ ಪುಟ್ಟಕ್ಕಾ,

ಹೇಗಿದ್ದೀಯೇ? ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯೋ, ಇಲ್ಲ ಗ್ರೀಸು ಮೆತ್ತಿದ ಕೈಯಲ್ಲೇ ಬನ್ನು ತಿಂದು ಮಲಗುತ್ತೀಯೋ? ಸೊಂಟ ನೋವು ವಾಸಿಯಾಯಿತೇ? ನಾನು ಗಟ್ಟಿಯಾಗಿದ್ದೇನೆ; ಹಲ್ಲು ಹೋದರೂ ನಾಲಿಗೆ ಇದೆಯಲ್ಲ, ಅದರಲ್ಲೇ ಬದುಕಿದ್ದೇನೆ. ನಮ್ಮ ಮನೆಯ ನಂಬರ್ ಕಂಡರೆ ನೀನು ಫೋನ್ ಎತ್ತುವುದಿಲ್ಲ. ಅದಕ್ಕೇ ಹಳ್ಳಿ ಶಾಲೆಯ ಮೂರು ಕ್ಲಾಸಿನ ನನ್ನ ಅಕ್ಷರವನ್ನು ಹೊರಗೆ ತೆಗೆದಿದ್ದೇನೆ. ಒತ್ತು, ದೀರ್ಘ ತಪ್ಪಿದ್ದರೆ ಆಮೇಲೆ ನಗು, ಮೊದಲು ಓದು. ನೀನಿರುವ ಊರಿಂದ ನಿಮ್ಮಪ್ಪನ ರಿಪೇರಿ ಶೆಡ್ಡಿಗೆ ಸಾಮಾನು ತರುವ ಸ್ಪೇರ್ ಪಾರ್ಟ್ಸ್ ವ್ಯಾನಿನವನು ಕೆಳಗೆ ಕಾಯುತ್ತಿದ್ದಾನೆ. ಇವತ್ತೇ ಇದನ್ನು ನಿನ್ನ ಕೈಗೆ ಕೊಡುತ್ತಾನೆ.

ನಿಮ್ಮಪ್ಪ ಆಸ್ಪತ್ರೆಯಲ್ಲಿದ್ದಾನೆ. ಬಲಗೈ ತೋರುಬೆರಳು. ಗಾಬರಿಯಾಗಬೇಡ ಎಂದು ಬರೆಯಬೇಕು, ಬರೆಯಲಾರೆ, ನನಗೇ ಗಾಬರಿಯಾಗಿದೆ.

ಆ ಬಿಳಿ ಡೀಸೆಲ್ ಕಾರು ನೆನಪಿದೆಯಲ್ಲ, ನೀನು ಮನೆ ಬಿಡಲು ಕಾರಣವಾದ ದರಿದ್ರ? ಅದರ ಇಂಜೆಕ್ಟರನ್ನು ತಿರುಗಿಸಿ ಮುರುಗಿಸಿ ನೋಡಿ ನೀನು ‘ಇದು ಸತ್ತಿದೆ ಅಪ್ಪಾ, ಬಿಸಾಕು. ಅದರ ಕತ್ತಿನಲ್ಲೂ ಬಿರುಕಿದೆ’ ಅಂದೆ. ‘ತೊಳೆದು ಹಾಕಿದ್ರೆ ಇನ್ನೂ ಓಡುತ್ತೆ, ನಿನ್ನೆ ಮೊನ್ನೆ ಸ್ಪ್ಯಾನರ್ ಹಿಡಿದವಳು ನಂಗೆ ಹೇಳಿಕೊಡ್ತೀಯಾ’ ಎಂದು ಗಿರಾಕಿಯ ಎದುರೇ ಗದರಿದ ನನ್ನ ಸುಪುತ್ರ. ಅವನಿಗೆ ಯಾವುದನ್ನೂ ಬಿಸಾಡಿ ಗೊತ್ತಿಲ್ಲ. ಮುರಿದ ಕೊಡೆಯ ಕಡ್ಡಿಯೂ ಅವನ ಡಬ್ಬಿಯಲ್ಲಿದೆ. ನೀನೂ ಅವನ ಮಗಳೇ ತಾನೇ, ಮೂತಿ ತಿರುಗಿಸಿಕೊಂಡು ಬಸ್ಸು ಹತ್ತಿದೆ. ಇಂಜೆಕ್ಟರು ಅಂದರೆ ಏನೇ ಎಂದು ನಾನೊಮ್ಮೆ ಕೇಳಿದ್ದಕ್ಕೆ ‘ಅಜ್ಜಿ, ನೀನು ಬೈಯೋವಾಗ ಎಂಜಲು ಹಾರುತ್ತಲ್ಲ, ಹಾಗೆ ಡೀಸೆಲ್ಲನ್ನ ಮಂಜು ಮಾಡಿ ಎಂಜಿನ್ ಒಳಗೆ ಉಗಿಯೋದು. ಮಂಜಾಗದೆ ತೊಟ್ಟಿಕ್ಕಿದ್ರೆ ಕಾರು ಹೊಗೆ ಕಾರುತ್ತೆ’ ಅಂದಿದ್ದೆ. ನಾನು ಬಿದ್ದು ಬಿದ್ದು ನಕ್ಕಿದ್ದೆ. ಆ ಉಗುಳಿನ ರಭಸಕ್ಕೆ ಚರ್ಮವೇ ತೂತಾಗುತ್ತದೆ ಎಂದು ನೀನು ಹೇಳಿದ್ದು ಮಾತ್ರ ತಲೆಗೆ ಇಳಿದಿರಲಿಲ್ಲ. ಈಗ ಇಳಿದಿದೆ.

ನಿಮ್ಮಪ್ಪ ತೊಳೆದು ಹಾಕಿ ಕಳಿಸಿದ್ದ ಆ ಕಾರು ಕಳೆದ ವಾರ ಹೊಗೆ ಕಾರುತ್ತಾ ಮರಳಿ ಬಂತು. ಎಂಜಿನ್ ಓಡುತ್ತಿರುವಾಗಲೇ, ಎಲ್ಲಿ ಸೋರುತ್ತಿದೆ ನೋಡೋಣ ಎಂದು ಅದೇ ಇಂಜೆಕ್ಟರಿನ ಕತ್ತಿನ ಸುತ್ತ ಬೆರಳಾಡಿಸಿದ್ದಾನೆ. ‘ರಟ್ಟು ಹಿಡಿ ಅಪ್ಪಾ, ಬೆರಳು ಹಿಡೀಬೇಡ’ ಎಂದು ನೀನು ಎಷ್ಟು ಬಡಿದುಕೊಳ್ಳುತ್ತಿದ್ದೆ! ಸೂಜಿ ಮೊನೆಯಷ್ಟು ತೂತು. ರಕ್ತವಿಲ್ಲ, ನೋವಿಲ್ಲ. ಚಿಂದಿ ಬಟ್ಟೆಯಲ್ಲಿ ಒರೆಸಿಕೊಂಡು ಊಟಕ್ಕೆ ಕುಳಿತ. ಸಂಜೆಗೆ ಬೆರಳು ಊದಿ ಬದನೆಕಾಯಿಯಾಯಿತು. ಮೂಲೆಯ ಕ್ಲಿನಿಕ್ಕಿಗೆ ಹೋಗಿ ‘ಇಂಜೆಕ್ಟರ್ ಚುಚ್ತು’ ಅಂದರೆ ಅಲ್ಲಿನ ನರ್ಸಮ್ಮ ‘ಯಾರು ಕೊಟ್ಟ ಇಂಜೆಕ್ಷನ್ನು? ಅವರ ಹತ್ರಾನೇ ಹೋಗಿ ತೋರ್ಸಿ’ ಅಂದಳಂತೆ. ಕೊಟ್ಟಿದ್ದು ಕಾರು ಕಣಮ್ಮಾ ಅನ್ನಲು ಈ ಮಹಾಶಯನಿಗೆ ಬಾಯಿ ಬರಲಿಲ್ಲ. ನೋವಿನ ಮಾತ್ರೆ ಹಿಡಿದುಕೊಂಡು ಮನೆಗೆ ಬಂದ. ಬೆಳಗಾಗುವುದರಲ್ಲಿ ಬೆರಳು ತಣ್ಣಗೆ, ಸೀಸದ ಬಣ್ಣ.

ದೊಡ್ಡಾಸ್ಪತ್ರೆಯಲ್ಲಿ ಬೆರಳು ಕೊಯ್ದು ತೆರೆದು ತೊಳೆದರು. ಮತ್ತೊಮ್ಮೆಯೂ ತೊಳೆದರು. ತೂತು ಸಣ್ಣದಾದರೂ ಡೀಸೆಲ್ಲು ಬೆರಳುದ್ದಕ್ಕೂ ನುಗ್ಗಿತ್ತಂತೆ. ಬೆರಳು ಸತ್ತಿದೆ, ತೆಗೆಯದಿದ್ದರೆ ಅಂಗೈ ಹೋಗುತ್ತದೆ, ಆಮೇಲೆ ಜೀವಕ್ಕೇ ಬರುತ್ತದೆ, ನಾಳೆಗಿಂತ ಮುಂದೆ ಹಾಕಲಾಗದು ಎನ್ನುತ್ತಾರೆ ಡಾಕ್ಟರಮ್ಮ. ನಿಮ್ಮಪ್ಪ ಸಹಿ ಹಾಕುತ್ತಿಲ್ಲ. ‘ಇನ್ನೊಂದ್ಸಲ ತೊಳೀರಿ, ಸರಿಹೋಗುತ್ತೆ’ ಎನ್ನುತ್ತಾನೆ. ಕೇಳಿದೆಯೇನೇ? ಅದೇ ಮಾತು! ಇವನು ಒಪ್ಪದೆ ಅವರು ಕತ್ತಿ ಎತ್ತುವುದಿಲ್ಲ.

ನಿಮ್ಮಮ್ಮ ಅತ್ತು ಅತ್ತು ಸುಸ್ತಾಗಿದ್ದಾಳೆ. ನಾನು ಬೈದೆ, ಬೇಡಿಕೊಂಡೆ, ಹೆತ್ತ ಹೊಟ್ಟೆಯ ಮೇಲೆ ಆಣೆ ಇಟ್ಟೆ. ಗೋಡೆಗೆ ಮುಖ ಮಾಡಿ ಮಲಗಿದ್ದಾನೆ. ಜ್ವರ ಏರುತ್ತಿದೆ. ಬ್ಯಾಂಡೇಜಿನಿಂದ ವಾಸನೆ ಬರುತ್ತಿದೆ ಪುಟ್ಟಕ್ಕಾ. ಪಕ್ಕದ ಮಂಚದವರು ಎದ್ದು ಕಿಟಕಿ ತೆರೆಯುತ್ತಾರೆ, ನಾನು ಏನೂ ತಿಳಿಯದವಳ ಹಾಗೆ ಹೊದಿಕೆ ಸರಿಮಾಡುತ್ತೇನೆ. ನನಗೆ ಗೊತ್ತಿದ್ದ ಮೂರು ಕ್ಲಾಸಿನ ಅಕ್ಷರವನ್ನು ಆ ಬೆರಳು ಹಿಡಿದೇ ಅವನಿಗೆ ತಿದ್ದಿಸಿದ್ದು. ನನ್ನ ಕೈಲಾದದ್ದೆಲ್ಲ ಮುಗಿಯಿತು.

ವ್ಯಾನಿನವನು ಹಾರನ್ ಹೊಡೆಯುತ್ತಿದ್ದಾನೆ. ನಿನ್ನ ಹತ್ತು ಬೆರಳೂ ನೆಟ್ಟಗಿರಲಿ, ನನ್ನ ಉಳಿದ ಆಯುಸ್ಸೂ ನಿನಗೇ ಇರಲಿ.

ನಿನ್ನ ಬಾಯಿಬಡುಕಿ
ಅಜ್ಜಿ

ಮರೆತೆ: ಪುಟ್ಟಕ್ಕನಿಗೆ ಬರೆದಿದ್ದೇನೆ ಎಂದು ಈಗಷ್ಟೇ ಒಳಗೆ ಹೋಗಿ ಹೇಳಿದೆ. ಗೋಡೆ ನೋಡುತ್ತಲೇ ‘ಅವಳು ಬಂದು ನೋಡ್ಲಿ. ಸತ್ತಿದೆ ಅಂತ ಅವಳಂದ್ರೆ ತೆಗೀಲಿ’ ಅಂದ. ಬೆಳಿಗ್ಗೆ ಈ ವ್ಯಾನು ಇತ್ತ ಹೊರಟಾಗ ಹತ್ತಿ ಬಾ. ಬಂದು ಅವತ್ತಿನ ಮಾತನ್ನೇ ಇನ್ನೊಂದು ಸಲ ಹೇಳು ಮಗಳೇ. ಅಳುವುದಿದ್ದರೆ ವರಾಂಡದಲ್ಲಿ ನನ್ನ ಹತ್ತಿರ ಅತ್ತು ಒಳಗೆ ಹೋಗು. ಹೇಳುವಾಗ ದನಿ ನಡುಗಬಾರದು; ನಡುಗಿತೋ, ಇನ್ನೊಂದ್ಸಲ ತೊಳೀರಿ ಎಂದುಬಿಡುತ್ತಾನೆ.