ತಿಲಕನ ಎಡ ಮೊಣಕಾಲು

ಉಚ್ಚಿಲ
9 ಫೆಬ್ರವರಿ 2025, ಆದಿತ್ಯವಾರ

ನನ್ನ ಮಗ ತಿಲಕ್‌ಗೆ,

ಹೇಗಿದ್ದೀ ಮಗಾ? ಮೊಣಕಾಲಿನ ಬಾವು ಇಳಿಯಿತಾ? ಮೆಟ್ಟಿಲು ಇಳಿಯುವಾಗ ಈಗಲೂ ಕಟಕಟ ಎನ್ನುತ್ತದಾ? ಮಾನಸ ಹೇಳಿಕೊಟ್ಟ ವ್ಯಾಯಾಮ ಮಾಡುತ್ತಿದ್ದೀಯಾ, ಅಥವಾ ಹೇಳಿದ್ದು ಅಕ್ಕ ತಾನೇ ಎಂದು ಬಿಟ್ಟುಬಿಟ್ಟಿದ್ದೀಯಾ? ಅವಳು ಮಣಿಪಾಲದ ಆಸ್ಪತ್ರೆಯಲ್ಲಿ ದಿನಕ್ಕೆ ಇಪ್ಪತ್ತು ಜನರ ಕೈಕಾಲು ಮಡಚಿಸಿ ಬಿಡಿಸುತ್ತಾಳೆ, ಸ್ವಂತ ತಮ್ಮನೊಬ್ಬ ಮಾತ್ರ ಅವಳ ಕೈಗೆ ಸಿಗುವುದಿಲ್ಲ. ಇಲ್ಲಿ ನಾವು ಚೆನ್ನಾಗಿದ್ದೇವೆ. ಅಮ್ಮನ ಕೆಮ್ಮು ಕಡಿಮೆಯಾಗಿದೆ, ಬಾಯಿ ಕಡಿಮೆಯಾಗಿಲ್ಲ. ನಮ್ಮ ಬೋಟು ಮೊನ್ನೆ ಮಲ್ಪೆಗೆ ಬಂತು, ನಾಡಿದ್ದು ಮತ್ತೆ ಹೊರಡಬೇಕು.

ಅಪ್ಪನಿಂದ ಕಾಗದ ಬಂದದ್ದು ನೋಡಿ ನೀನು ಹೆದರಬಹುದು. ಯಾರಿಗೂ ಏನೂ ಆಗಿಲ್ಲ. ಫೋನಿನಲ್ಲಿ ನಾನು ಇಂಜಿನಿನ ಸದ್ದಿನ ಮೇಲೆ ಕೂಗುವ ಹಾಗೆ ಕೂಗುತ್ತೇನೆ, ಎರಡನೇ ಮಾತಿಗೆ ನಿನ್ನ ಅಮ್ಮ ಕಿತ್ತುಕೊಳ್ಳುತ್ತಾಳೆ. ಹರಿಣಾಕ್ಷಿಯ ಕೈಯಿಂದ ಫೋನು ವಾಪಸು ಪಡೆಯುವ ಗಂಡಸು ಈ ಊರಿನಲ್ಲಿ ಇನ್ನೂ ಹುಟ್ಟಿಲ್ಲ. ಮನೆಯಲ್ಲಿ ತುಳು ಮಾತನಾಡುವವರು ನಾವು. ಬರೆಯಲು ಕೂತರೆ ನನಗೆ ಏಳನೇ ಕ್ಲಾಸಿನ ಕನ್ನಡ ಬರುತ್ತದೆ. ಹಾಗಾಗಿ ಈ ಕಾಗದದಲ್ಲಿ ನಾನು ಇರುವುದಕ್ಕಿಂತ ಸ್ವಲ್ಪ ಹೆಚ್ಚು ಮರ್ಯಾದಸ್ಥನಾಗಿ ಕಾಣಿಸಿದರೆ ನಗಬೇಡ.

ಊರಿನಲ್ಲಿ ಎಲ್ಲರೂ ನಿನ್ನನ್ನು ಕೇಳುತ್ತಾರೆ. ನೀನು ಆಡುವುದು ಫುಟ್‌ಬಾಲ್ ಅಲ್ಲ, ಕ್ರಿಕೆಟ್ ಎಂದುಕೊಂಡವರು ಈಗಲೂ ಇದ್ದಾರೆ. ಕಾಪುವಿನಲ್ಲಿ ಮೀನು ಮಾರುವ ಗುಣವತಿ ಮೊನ್ನೆ, "ಹನ್ನೊಂದು ವರ್ಷದಲ್ಲಿ ನಿಮ್ಮ ಮಗ ಎಷ್ಟು ಗೋಲು ಹೊಡೆದದ್ದು?" ಎಂದು ಕೇಳಿದಳು. ಮೂರು ಎಂದೆ. ಅದರಲ್ಲಿ ಒಂದು ನಮ್ಮದೇ ಗೋಲಿಗೆ ಎಂದು ಹೇಳಲಿಲ್ಲ. ಡಿಫೆಂಡರ್ ಎಂದರೆ ಗೋಲು ಹೊಡೆಯುವವನಲ್ಲ, ಹೊಡೆಯಲು ಬಿಡದವನು ಎಂದು ವಿವರಿಸಿದ್ದಕ್ಕೆ, "ಹಾಗಾದರೆ ಅವನು ಮಾಡಿದ ಕೆಲಸ ಕಾಣುವುದು ಹೇಗೆ ಮಾರಾಯ್ರೆ?" ಎಂದಳು. ಶಿರ್ವದ ಹೆರಾಲ್ಡ್ ಮಾಸ್ಟ್ರು ನಿನ್ನನ್ನು ಮೊದಲ ಸಲ ಹಿಂದಿನ ಸಾಲಿನಲ್ಲಿ ನಿಲ್ಲಿಸಿದಾಗ ನಾನೂ ಇದನ್ನೇ ಕೇಳಿ ಅವರ ಜೊತೆ ಜಗಳವಾಡಿದ್ದೆ. "ಲೀಲಾಧರಣ್ಣ, ಬೇರೆ ಮಕ್ಕಳು ಚೆಂಡು ನೋಡುತ್ತಾರೆ, ಇವನು ಎದುರಿನವನ ಸೊಂಟ ನೋಡುತ್ತಾನೆ. ಅದು ಕಲಿಸಿ ಬರುವುದಲ್ಲ" ಎಂದಿದ್ದರು ಅವರು. ಆಮೇಲೆ ಬೆಂಗಳೂರಿನ ಲೀಗು, ಗೋವಾದಲ್ಲಿ ನಾಲ್ಕು ವರ್ಷ, ಅಲ್ಲಿಯ ಕ್ಲಬ್ಬು ಮುಚ್ಚಿದ ಮೇಲೆ ತ್ರಿಶೂರು. ಎಲ್ಲ ಎರಡನೇ ಡಿವಿಷನ್, ಟಿವಿಯಲ್ಲಿ ಬರುವಂಥದ್ದಲ್ಲ. ಮೊಬೈಲಿನಲ್ಲಿ ನೋಡುವಾಗ ಕೆಳಗೆ ಎಷ್ಟು ಜನ ನೋಡುತ್ತಿದ್ದಾರೆಂದು ಬರುತ್ತದಲ್ಲ, ಒಮ್ಮೆ ನಲವತ್ತಮೂರು ಎಂದಿತ್ತು. ಅದರಲ್ಲಿ ಐದು ನಮ್ಮ ಚಾವಡಿಯದು. ಲೆಕ್ಕ ಏರಲಿ ಎಂದು ಅಮ್ಮ ನೆರೆಮನೆಯ ಫೋನುಗಳನ್ನೂ ತಂದು ಸಾಲಾಗಿ ಇಟ್ಟಿದ್ದಳು. ಅವಳಿಗೆ ಆಫ್‌ಸೈಡ್ ಇಂದಿಗೂ ತಿಳಿಯುವುದಿಲ್ಲ. ಓಡಿ ಬಂದವನು ನಿನ್ನ ಹತ್ತಿರ ಬಂದು ನಿಂತುಹೋದರೆ ಚಪ್ಪಾಳೆ ತಟ್ಟುತ್ತಾಳೆ. ನಾನೂ ಈಗ ಹಾಗೆಯೇ ನೋಡುವುದು. ನಿನ್ನ ಬಗ್ಗೆ ನನಗೆ ತುಂಬ ಹೆಮ್ಮೆ ಇದೆ ಮಗಾ. ಎದುರಿಗೆ ಒಮ್ಮೆಯೂ ಹೇಳಿಲ್ಲ, ಅದಕ್ಕೆ ಇಲ್ಲಿ ಬರೆದಿದ್ದೇನೆ.

ದೀಪಾವಳಿಗೆ ಬಂದಾಗ ನೀನು ಬಸ್ಸಿನಿಂದ ಅಡ್ಡ ತಿರುಗಿ ಇಳಿದದ್ದು ನೋಡಿದಾಗಲೇ ನನಗೆ ಗೊತ್ತಾಗಿತ್ತು. ಮಾನಸ ಮಣಿಪಾಲದಲ್ಲಿ ಸ್ಕ್ಯಾನ್ ಮಾಡಿಸಿದಳು. ಮೂರು ತಿಂಗಳು ಆಡಬಾರದು, ಆಡಿದರೆ ಮುಂದೆ ನಡೆಯುವುದೂ ಕಷ್ಟ ಎಂದರು ಡಾಕ್ಟರು. ಮಾರ್ಚ್‌ವರೆಗೆ ಹೇಗಾದರೂ ಆಡಿದರೆ ಇನ್ನೆರಡು ವರ್ಷದ ಕಾಂಟ್ರ್ಯಾಕ್ಟ್ ಸಿಗುತ್ತದೆ, ಮೂವತ್ತೊಂದರಲ್ಲಿ ಬಿಟ್ಟರೆ ಯಾವ ಕ್ಲಬ್ಬೂ ಕರೆಯುವುದಿಲ್ಲ ಎಂದೆ ನೀನು. ನಮ್ಮ ಮೂವರ ಕೈ ಹಿಡಿದು, ಯಾರಿಗೂ ಹೇಳುವುದಿಲ್ಲ ಎಂದು ಮಾತು ತೆಗೆದುಕೊಂಡೆ. ತ್ರಿಶೂರಿನಲ್ಲಿ ವಿಷಯ ಗೊತ್ತಿದ್ದದ್ದು ನಿನ್ನ ರೂಮಿನಲ್ಲಿದ್ದ ಗೋಲ್‌ಕೀಪರ್ ಲಕ್ಷಿತ್‌ಗೆ ಮಾತ್ರ. ಜನವರಿಯಲ್ಲಿ ಕ್ಲಬ್ಬಿನವರೇ ನಿನ್ನನ್ನು ಸ್ಕ್ಯಾನಿಗೆ ಕರೆದುಕೊಂಡು ಹೋದರು, ರಿಪೋರ್ಟು ನೋಡಿ ಇನ್ನು ಬರಬೇಡ ಎಂದುಬಿಟ್ಟರು. ಅವತ್ತು ನೀನು ಫೋನಿನಲ್ಲಿ ಅಮ್ಮನಿಗೆ ಹೇಳಿದ್ದನ್ನು ಪಕ್ಕದಲ್ಲಿ ಕೂತು ನಾನೂ ಕೇಳಿದೆ. "ಲಕ್ಷಿತ್ ಹೇಳಿಬಿಟ್ಟ ಅಮ್ಮಾ, ಅವನಲ್ಲದೆ ಬೇರೆ ಯಾರು?" ಎಂದೆ. ಆಮೇಲೆ ಆ ರೂಮು ಬಿಟ್ಟೆ, ಅವನ ಜೊತೆ ಮಾತು ಬಿಟ್ಟೆ. ಈಗ ಬಾಡಿಗೆ ಕೋಣೆಯಲ್ಲಿದ್ದುಕೊಂಡು ಸಂಜೆ ಯಾವುದೋ ಟರ್ಫಿನಲ್ಲಿ ಆಫೀಸಿನವರಿಗೆ ಆಟ ಕಲಿಸುತ್ತಿದ್ದೀಯಂತೆ. ಮನೆಗೆ ಬಾ ಎಂದರೆ ಆಮೇಲೆ ನೋಡುವ ಎನ್ನುತ್ತೀ.

ನಿನ್ನೆ ಲಕ್ಷಿತ್ ನಮ್ಮ ಮನೆಗೆ ಬಂದಿದ್ದ. ಈ ವಾರ ಮ್ಯಾಚಿಲ್ಲವಂತೆ, ಮದುವೆಯ ಕಾಗದ ಹಂಚಲು ಊರಿಗೆ ಬಂದವನು ಕಾರ್ಕಳದಿಂದ ಇಲ್ಲಿಯವರೆಗೆ ಬೈಕಿನಲ್ಲಿ ಬಂದ. ಇಪ್ಪತ್ತಮೂರಕ್ಕೆ ಕಾರ್ಕಳದಲ್ಲಿಯೇ ಮದುವೆ, ಹುಡುಗಿ ಬಜಗೋಳಿಯವಳು. ನಿನ್ನ ಹೆಸರು ಬರೆದ ಕಾಗದವನ್ನು ಬೇರೆಯಾಗಿ ಕೊಟ್ಟ. ಊಟದ ಹೊತ್ತು, ಬಂಗುಡೆ ಸಾರಿತ್ತು, ಅಮ್ಮ ಬಡಿಸಿದಳು. ಆದರೆ ಊಟಕ್ಕೆ ಕೂತವನಿಗೆ ಇನ್ನೊಂದು ಮೀನು ಹಾಕಲಾ ಎಂದು ಹರಿಣಾಕ್ಷಿ ಕೇಳದೆ ಇದ್ದದ್ದನ್ನು ನಾನು ಕಂಡದ್ದು ಅದೇ ಮೊದಲು. ಅವನು ತಲೆ ತಗ್ಗಿಸಿ ಇದ್ದಷ್ಟು ಉಂಡು ಎದ್ದ. ಗೇಟಿನ ಹತ್ತಿರ ನನ್ನ ಕೈ ಹಿಡಿದುಕೊಂಡು, "ತಿಲಕಣ್ಣ ನನ್ನ ಹತ್ತಿರ ಯಾಕೆ ಮಾತಾಡುವುದಿಲ್ಲ, ನಿಮಗೆ ಗೊತ್ತುಂಟಾ? ನಾನು ಎಂತ ಮಾಡಿದ್ದೇನೆ?" ಎಂದು ಕೇಳಿದ. ಅವನ ಕಣ್ಣು ತುಂಬಿತ್ತು. ಬಿಸಿಲು ಜೋರಿದೆ, ಹೆಲ್ಮೆಟ್ ಹಾಕಿಕೋ ಎಂದೆ ನಾನು. ನೀನು ಮದುವೆಗೆ ಬರುವುದಿಲ್ಲ ಎಂದು ಅಮ್ಮನಿಗೆ ಆಗಲೇ ಹೇಳಿದ್ದೀಯಂತೆ. ಮೂರು ವರ್ಷ ಒಂದೇ ಕೋಣೆಯಲ್ಲಿ ಮಲಗಿ ಎದ್ದವರು ನೀವು.

ಹೊತ್ತಿಗೆ ಸರಿಯಾಗಿ ಊಟ ಮಾಡು. ಟರ್ಫಿನಲ್ಲಿ ಕಲಿಸುವಾಗ ಬರೀ ಬಾಯಿಯಿಂದ ಕಲಿಸು, ನೀನು ಓಡಬೇಡ. ಅಮ್ಮ ಮಹಾಲಕ್ಷ್ಮಿಗೆ ನಿನ್ನ ಹೆಸರಿನಲ್ಲಿ ಹೂವಿನ ಪೂಜೆ ಮಾಡಿಸಿದ್ದಾಳೆ. ಮೊಣಕಾಲಿಗೆ ಎಂದು ಭಟ್ಟರಿಗೆ ಹೇಳಿ, ಎಡಗಾಲಿನದ್ದು ಎಂದು ಮತ್ತೊಮ್ಮೆ ಹೇಳಿ ಬಂದಿದ್ದಾಳೆ. ಹೆರಾಲ್ಡ್ ಮಾಸ್ಟ್ರು ವಿಚಾರಿಸಿದರು. ಆ ತಾಯಿ ನಿನ್ನ ಕಾಲಿನ ಜೊತೆಗೆ ಮನಸ್ಸನ್ನೂ ಕಾಯಲಿ ಎಂದು ಬೇಡಿಕೊಳ್ಳುವ

ನಿನ್ನ ಅಪ್ಪ,
ಲೀಲಾಧರ

ಮತ್ತೆ: ಕಾಗದ ಮಡಚಿದ್ದೆ, ಪುನಃ ಬಿಡಿಸಿದೆ. ಇದನ್ನು ಬರೆಯಲಿಕ್ಕೇ ಕೂತವನು ಇಷ್ಟು ಹೊತ್ತು ಸುತ್ತಿ ಬಳಸಿ ಏನೇನೋ ಬರೆದೆ. ಲಕ್ಷಿತ್ ಹೇಳಲಿಲ್ಲ ಮಗಾ, ಹೇಳಿದ್ದು ನಾನು. ಡಿಸೆಂಬರಿನ ಮ್ಯಾಚಿನಲ್ಲಿ ಬಿದ್ದವನು ಏಳುವಾಗ ಎರಡೂ ಕೈ ನೆಲಕ್ಕೆ ಊರಿದೆಯಲ್ಲ, ಅದನ್ನು ನೋಡಿ ನನಗೆ ತಡೆಯಲಾಗಲಿಲ್ಲ. ಹಿಂದೊಮ್ಮೆ ನಿನ್ನ ಫೋನು ಹಾಳಾದಾಗ ನೀನು ಕೋಚ್‌ನ ಫೋನಿನಿಂದ ಮಾತನಾಡಿದ್ದೆ, ಆ ನಂಬರು ನನ್ನಲ್ಲಿತ್ತು. ಕೇರಳದ ಬಂದರುಗಳಲ್ಲಿ ಕಲಿತ ಅರೆಬರೆ ಮಲಯಾಳದಲ್ಲಿ, ಹುಡುಗನ ಮೊಣಕಾಲು ಕೆಟ್ಟಿದೆ, ಸ್ವಲ್ಪ ದಿನ ಕೂರಿಸಿ ಎಂದೆ. ನಮ್ಮ ಬೋಟಿನಲ್ಲಿ ಹಾಗೆಯೇ ಅಲ್ವಾ? ಯಾರಿಗಾದರೂ ಪೆಟ್ಟಾದರೆ ಮನೆಯವರು ಬಂದು ಬೋಟು ನಡೆಸುವ ತಾಂಡೇಲನಿಗೆ ಹೇಳುತ್ತಾರೆ. ನಾನೇ ತಾಂಡೇಲ, ಗಂಡನಿಗೆ ಗೊತ್ತಾಗದ ಹಾಗೆ ಎಷ್ಟು ಹೆಂಗಸರು ನನ್ನ ಹತ್ತಿರ ಬಂದು ಹೇಳಿಲ್ಲ! ಪೆಟ್ಟಾದವನು ದಡದಲ್ಲಿ ಕೂರುತ್ತಾನೆ. ಸಾರು ಮಾಡಲು ಮೀನು ಅವನ ಮನೆಗೆ ಹೋಗುತ್ತದೆ. ಅವನ ಜಾಗ ಅವನಿಗೇ ಇರುತ್ತದೆ. ಕೋಚ್ ಎಂದರೂ ತಾಂಡೇಲನೇ ಎಂದುಕೊಂಡೆ. ಅವರು "ಶರಿ ಚೇಟಾ", ಸರಿ ಅಣ್ಣ ಎಂದರು, ನಾನು ನೆಮ್ಮದಿಯಿಂದ ಊಟ ಮಾಡಿದೆ. ಹನ್ನೊಂದು ವರ್ಷ ಯಾರೂ ನಿನ್ನನ್ನು ದಾಟಿ ಹೋಗದ ಹಾಗೆ ನೀನು ನೋಡಿಕೊಂಡೆ, ಹಿಂದಿನಿಂದ ಹೋದವನು ನಿನ್ನ ಅಪ್ಪ. ಕಾಲು ಉಳಿಯಿತಲ್ಲ ಎಂದು ಒಳಗೆ ಒಂದು ಸಮಾಧಾನ ಇದೆ, ಸುಳ್ಳು ಹೇಳುವುದಿಲ್ಲ. ಆದರೆ ಕೊಟ್ಟ ಮಾತು ಮುರಿದದ್ದು ತಪ್ಪು. ನಿನ್ನೆ ಆ ಹುಡುಗನ ಎದುರು ಬಾಯಿ ಮುಚ್ಚಿ ನಿಂತದ್ದು ಅದಕ್ಕಿಂತ ದೊಡ್ಡ ತಪ್ಪು. ಅಮ್ಮನಿಗೂ ಗೊತ್ತಿಲ್ಲ, ನಾಳೆ ಇದನ್ನು ಅಂಚೆಗೆ ಹಾಕಿ ಬಂದು ಹೇಳುತ್ತೇನೆ. ನೀನು ಕಾಗದ ಸಿಕ್ಕಿದ ಕೂಡಲೇ ಲಕ್ಷಿತ್‌ಗೆ ಫೋನು ಮಾಡು. ಇಪ್ಪತ್ತಮೂರಕ್ಕೆ ಕಾರ್ಕಳಕ್ಕೆ ಬಾ, ಅವನ ಪಕ್ಕದಲ್ಲಿ ನಿಲ್ಲು. ನನ್ನ ಮುಖ ನೋಡಲು ಮನಸ್ಸಿಲ್ಲದಿದ್ದರೆ ಅಮ್ಮನಿಗೆ ಒಂದು ಮಾತು ತಿಳಿಸಿದರೆ ಸಾಕು, ಆ ವಾರ ನಾನು ಸಮುದ್ರದಲ್ಲಿರುತ್ತೇನೆ.